ಹನ್ನೆರಡು ಪಾಯಿಂಟ್ ಆರು

ಇವರು ಸಮುದ್ರದ ನಡುವಿನ ರಿಗ್ಗಿಗೆ ಹೋದರೆ ನಲವತ್ತೆರಡು ದಿನ.
ಕಾರು ಕೆಳಗೆ, ಜುಬೈಲಿನ ಖಾಲಿ ಮರಳ ಸೈಟಿನಲ್ಲಿ,
ಮೂತಿ ದಕ್ಷಿಣಕ್ಕೆ.
ನನಗೆ ಓಡಿಸಲು ಬರುವುದಿಲ್ಲ. ಕಾಯಲು ಬರುತ್ತದೆ.

ಮೊದಲೆರಡು ಸಲ ಇವರು ಬಂದಾಗ ಅದು ಕೆಮ್ಮಲೂ ಇಲ್ಲ.
ಬ್ಯಾಗು ಹೆಗಲಲ್ಲೇ, ಕೀಲಿ ಕೈಯಲ್ಲೇ.
ಪಕ್ಕದ ಗುಲ್‌ಜಮಾನ್ ಚಾಚಾ ತಮ್ಮ ಪಿಕಪ್ಪಿನಿಂದ ತಂತಿ ಎಳೆದು
ಒಂದಿಷ್ಟು ಕರೆಂಟು ಕೊಟ್ಟರು,
ಹೆಪ್ಪಿಗೆ ಮಜ್ಜಿಗೆ ಕಡ ಕೊಟ್ಟಂತೆ.
ಮೂರನೆಯ ಸಲ ಕೇಳಲು ಇವರಿಗೆ ನಾಚಿಕೆ.

ಹಾಗೆ ಬಂತು ಈ ಹಲಗೆ.
ಪಾಟಿಯಷ್ಟಗಲ, ಕಪ್ಪು, ಒಳಗೆ ತೆಳ್ಳನೆಯ ಬೆಳ್ಳಿ ಗೆರೆ.
ಈ ಊರಲ್ಲಿ ಎಲ್ಲರೂ ಗಾಜಿಗೆ ಪರದೆ ಕಟ್ಟಿ
ಬಿಸಿಲನ್ನು ಹೊರಗೇ ನಿಲ್ಲಿಸುತ್ತಾರೆ.
ನಾನು ಪರದೆಯಲ್ಲೊಂದು ಕಿಟಕಿ ಕತ್ತರಿಸಿ ಕರೆದೆ:
ಬಾರಪ್ಪಾ, ಇಷ್ಟಗಲ ಬಾ,
ಇದಕ್ಕಿಂತ ಹೆಚ್ಚು ಬೇಡ.

ಕುಷ್ಟಗಿಯ ಮಾಳಿಗೆಯ ಮೇಲೆ ಅವ್ವ ಸಂಡಿಗೆ ಇಡುತ್ತಿದ್ದಳು,
ಹಳೇ ಧೋತರದ ಮೇಲೆ ಸಾಲುಸಾಲು. ನನ್ನ ಕೈಗೆ ಕೋಲು, ಕಾಗೆಗೆ.
ಬಿಸಿಲು ಯಾರ ಆಳೂ ಅಲ್ಲ, ಅನ್ನುತ್ತಿದ್ದಳು,
ಆದರೂ ಹರವಿಟ್ಟರೆ ಕೆಲಸ ಮಾಡಿಕೊಟ್ಟು ಹೋಗುತ್ತದೆ.
ಇಲ್ಲಿನ ಕಾಗೆ ಬಲದಿಯಾದವನು.
ಧೂಳು ಕೂತ ಕಾರು ಕಂಡರೆ ವಾರಸುದಾರರಿಲ್ಲವೆಂದು
ಹಳದಿ ಚೀಟಿ ಅಂಟಿಸುತ್ತಾನೆ.
ಅದಕ್ಕೇ ದಿನಾ ಒರೆಸುತ್ತೇನೆ, ಮೊದಲು ಹಲಗೆ,
ಆಮೇಲೆ ಕಾರಿನ ಹಣೆ,
ಇದು ಯಾರದೋ ಎಂದು ಗೊತ್ತಾಗುವಷ್ಟು.

ಗುರುವಾರ ರಾತ್ರಿ ಫೋನು.
ಹಿಂದೆ ಯಂತ್ರದ ಗುಡುಗು, ಸಾಲಿನಲ್ಲಿ ಇನ್ನೂ ಆರು ಜನ.
ಊಟ ಆಯಿತಾ ಎಂದು ಕೇಳುವವರಲ್ಲ ಇವರು.
‘ಎಷ್ಟೈತಿ?’
‘ಹನ್ನೆರಡು ಪಾಯಿಂಟ್ ಆರು.’
‘ಹಂಗಾದ್ರ ಆರಾಮ.’
ಯಾರು ಆರಾಮ ಎಂದು ನಾನು ಕೇಳಿಲ್ಲ.

ಹೊತ್ತು ಹುಟ್ಟುವ ಮೊದಲೇ ಅಳೆಯಬೇಕು. ಇವರೇ ಕಲಿಸಿದ್ದು.
ಬಿಸಿಲಲ್ಲಿ ಅಳೆದರೆ ಅಂಕಿ ಉಬ್ಬುತ್ತದೆ, ಹದಿಮೂರು ದಾಟುತ್ತದೆ,
ಅದು ಬ್ಯಾಟರಿಯದಲ್ಲ, ಮೈಮೇಲೆ ಬಂದ ಬಿಸಿಲಿನದು.
ರಾತ್ರಿಯೆಲ್ಲ ಒಂಟಿಯಾಗಿ ಕಳೆದ ಮೇಲೆ
ಎಷ್ಟು ಉಳಿದಿದೆಯೋ ಅಷ್ಟೇ ನಿಜ.
ಬಾಂಗಿಗೂ ಮುಂಚೆ ನೈಟಿಯ ಮೇಲೆ ಅಬಾಯಾ ಎಳೆದುಕೊಂಡು
ಇಳಿಯುತ್ತೇನೆ, ಬಾನೆಟ್ಟು ಎತ್ತುತ್ತೇನೆ,
ಕೆಂಪು ಮುಳ್ಳು ಕೆಂಪಿಗೆ, ಕಪ್ಪು ಮುಳ್ಳು ಕಪ್ಪಿಗೆ.
ಉಪ್ಪು ಗಾಳಿಗೆ ತುದಿಯಲ್ಲಿ ಹಸಿರು ಹಿಟ್ಟು ಕೂತಿದ್ದರೆ
ಬಿಸಿನೀರು ಹೊಯ್ಯುತ್ತೇನೆ.
ತಂತಿಯ ನಡುವೆ ಜೋಳದ ಕಾಳಿನಷ್ಟು ಡಯೋಡು:
ಹಗಲು ಬಂದದ್ದು ರಾತ್ರಿ ಹಿಂದೆ ಹೋಗದಂತೆ ತಡೆಯುತ್ತದಂತೆ.
ನನಗೂ ಒಂದು ಬೇಕಿತ್ತು.

ಜುಲೈನಲ್ಲಿ ಜ್ವರ. ಮೂರು ದಿನ ಮೆಟ್ಟಿಲು ಇಳಿಯಲಿಲ್ಲ.
‘ಎಷ್ಟೈತಿ?’
‘ಹನ್ನೆರಡು ಪಾಯಿಂಟ್ ಆರು.’
‘ದನಿ ಯಾಕ ಹಂಗೈತಿ?’
‘ಏಸಿ ಗಾಳಿ.’
ಸಾಲಿನಲ್ಲಿ ಯಾರೋ ಕೆಮ್ಮಿದರು.
‘ಹಂಗಾದ್ರ ಆರಾಮ.’

ಮೊನ್ನೆ ಬಂದರು.
ಕೀಲಿ ತಿರುವಿದ್ದೇ ತಡ, ಕಾರು ಎದ್ದು ನಿಂತಿತು.
ನನ್ನ ಕಡೆ ನೋಡಲಿಲ್ಲ. ಸ್ಟಿಯರಿಂಗನ್ನು ಎರಡು ಸಲ
ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದರು.

ಆಮೇಲೆ ಎರಡು ದಿನ ಎದುರುಬದುರು ಕೂತು ಉಂಡೆವು.
ಇಬ್ಬರಿಗೂ ಕೇಳಲು ಏನೂ ಇರಲಿಲ್ಲ.
ಮೂರನೆಯ ದಿನ, ಉರಿಮಧ್ಯಾಹ್ನ,
ಮೀಟರು ಹಿಡಿದು ಸುಮ್ಮನೆ ಇಳಿದು ಹೋದವರು
ಬೆವರಲ್ಲಿ ತೊಯ್ದು ಬಂದು ಬಾಗಿಲಲ್ಲೇ ಹೇಳಿದರು,
‘ಹದಿಮೂರು ಪಾಯಿಂಟ್ ಎರಡು!’

ಹಲಗೆ ಇನ್ನೂ ಬಿಸಿಲಲ್ಲೇ ಇತ್ತು.
ಹೊತ್ತು ನೆತ್ತಿಯ ಮೇಲಿತ್ತು.
ಹೇಳಬಹುದಿತ್ತು.

‘ಹಂಗಾದ್ರ ಆರಾಮ,’ ಎಂದೆ.
ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.