ಏಳು ಗೋಲು

ಅಮ್ಮತ್ತಿ ಮೈದಾನದಲ್ಲಿ ಪಳಂಗಪ್ಪನ ಹೆಲ್ಮೆಟ್
ಕೈಯಿಂದ ಕೈಗೆ ಹೋಯಿತು,
ಒಳಗೆ ಹತ್ತರ ನೋಟು, ಚಿಲ್ಲರೆ, ಹಳೆ ಬೆವರಿನ ವಾಸನೆ.
ಕಾಫಿ ಕ್ಯೂರಿಂಗಿನ ಧಣಿ ಮೈಕಿನಲ್ಲಿ ಹೇಳಿಬಿಟ್ಟರು:
ಬಿದ್ದ ಒಂದೊಂದು ಗೋಲಿಗೂ ಐನೂರು,
ಯಾವ ಕಡೆಯಾದರೂ ಸರಿ.
ನಮ್ಮ ಫುಲ್‌ಬ್ಯಾಕು ತಿರುಗಿ ನನ್ನತ್ತ ನೋಡಿದ.

ಅವನ ಜಾಗದಲ್ಲಿ ನಿಂತವನು ನಾನು.
ಪ್ಯಾಡು ದೊಡ್ಡದು, ಕಾಲು ಸಣ್ಣದು.
ಮೊದಲೆರಡು ನಿಜಕ್ಕೂ ತಪ್ಪಿದವು.
ಆಮೇಲಿನವು
ಇಗ್ಗುತ್ತಪ್ಪನಾಣೆ, ಕೇಳಬೇಡಿ.

ಮಂಗಳವಾರ, ಮಡಿಕೇರಿ.
ಡಯಾಲಿಸಿಸ್ ಮಂಚದಲ್ಲಿ ಅವನು,
ತೋಳಿನಿಂದ ಹೊರಟ ರಕ್ತ ತೋಳಿಗೇ ಮರಳುತ್ತಿತ್ತು.
ಲಕೋಟೆ ದಿಂಬಿನಡಿ ಇಟ್ಟೆ. ಎಣಿಸಲಿಲ್ಲ.
“ಏಳು ಬಿಟ್ಟೆಯಂತೆ?”
“ಹೂಂ.”
“ಎಡಗಾಲು ಮುಂದಿಡು ಅಂತ ಎಷ್ಟು ಸಲ ಬಡಕೊಂಡಿದ್ದೆ!”

ಸೂಜಿಯ ತೋಳು ಅಲುಗಿಸದೆ
ಇನ್ನೊಂದು ಕೈಬೆರಳಲ್ಲಿ, ಹೊದಿಕೆಯ ಮೇಲೆ,
ಗೋಲುಕಂಬ ಎಳೆದು ತೋರಿಸಿದ.