ಅರೆಕಾಸಿನ ಮಜ್ಜಿಗೆ

ಫಹಾಹೀಲ್‌ನ ಸರಕಾರಿ ದವಾಖಾನೆಯಲ್ಲಿ
ಮೂರನೇ ಕಿಟಕಿ ನನ್ನದು.
ಗಾಜಿನಲ್ಲೊಂದು ತೂತು, ಮುಷ್ಟಿ ಹಿಡಿಯುವಷ್ಟು.
ಅದರಿಂದ ದಿನಾರು ಒಳಗೆ ಬರುತ್ತದೆ, ಚೀಟಿ ಹೊರಗೆ ಹೋಗುತ್ತದೆ.
ಹದಿನಾಲ್ಕು ವರ್ಷ
ಜನರನ್ನು ನಾನು ಬಲ್ಲದ್ದು ಬೆರಳುಗಳಿಂದ:
ಸಿಮೆಂಟು ಕಚ್ಚಿದ ಉಗುರು, ಮದರಂಗಿ ಮಾಸಿದ ಉಗುರು,
ಉಂಗುರ ಬಿಗಿದು ಬಾತ ಬೆರಳು,
ಬ್ಲೀಚಿಗೆ ಬಿಳಿಚಿದ್ದು.

ಈ ನಾಡಿನವರಿಗೆ ಚೀಟಿಯಿಲ್ಲ. ನಮ್ಮಂಥವರಿಗೆ ಎರಡು ದಿನಾರು.

ಸಂಜೆ ಎಣಿಸಿ, ರಬ್ಬರ್ ಬ್ಯಾಂಡ್ ಸುತ್ತಿ
ಲೆಕ್ಕದ ಫೌಝಿಯಾಳ ಮೇಜಿಗೆ ಒಯ್ದರೆ
ಅವಳಿಗೆ ನಗು:
"ಇಡೀ ತಿಂಗಳ ನಿನ್ನ ಕಿಟಕಿ
ಮೇಲ್ಮಹಡಿಯ ಸ್ಕ್ಯಾನ್ ಯಂತ್ರವನ್ನು
ಒಂದು ಹಗಲು ತಣ್ಣಗಿಡಲಿಕ್ಕೂ ಸಾಲದು."
ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!
ಅರಬಿಯಲ್ಲಿ ಇದನ್ನು ಹೇಗೆ ಹೇಳಲಿ?
ರಾವಣ ಯಾರು ಎಂಬಲ್ಲಿಂದ ಹಿಡಿಯಬೇಕು,
ಮಜ್ಜಿಗೆಯಾದರೆ ಅವಳಿಗೂ ಗೊತ್ತು.

ಹಾಗಾದರೆ ಕೊಡುವವರು ಯಾರು?
ಅವಳ ಪೆನ್ನು ಹೊರಗೆ ತೋರುತ್ತದೆ.
ಹಗಲಲ್ಲೂ ಆರದ ಕೊಳವೆಯ ಬೆಂಕಿ.
ಯಾವ ಕಾಲದಲ್ಲೋ ಸತ್ತ ಕಡಲ ಕ್ರಿಮಿ
ಅವಳ ಮಗನ ಉಬ್ಬಸದ ಪಂಪಿಗೆ ದುಡ್ಡು ಕಟ್ಟುತ್ತಿದೆ.
ಅವಳ ಮುತ್ತಜ್ಜ ಮುತ್ತಿಗೆಂದು ಮುಳುಗಿ
ಕಿವಿ ಒಡೆದುಕೊಂಡು ದಡ ಸೇರಿದಾಗ
ಕಾಸಿದ ಕಬ್ಬಿಣ, ಉಪ್ಪುನೀರು.
ಇಷ್ಟೇ ಆಸ್ಪತ್ರೆ ಆಗ.

ಕಾಯುವ ಕೋಣೆಯ ಟೀವಿಯ ಬುಡದಲ್ಲಿ
ಬ್ಯಾರೆಲ್ಲಿನ ಇವತ್ತಿನ ದರ ಓಡುತ್ತದೆ.
ಥರ್ಮಾಮೀಟರು ಕೈಯಲ್ಲಿ ಹಿಡಿದೇ
ನರ್ಸು ತಲೆಯೆತ್ತಿ ಅದನ್ನೂ ಓದುತ್ತಾಳೆ.

ನನಗಿದು ಹೊಸತಲ್ಲ.
ಶಂಕರಪುರದಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದಳು.
ಅಟ್ಟೆಗೆ ಇವತ್ತೆಷ್ಟು ಎಂದು
ಊರೇ ಕಿವಿಯಾಗುವ ಬೆಳಗು.
ಮದುವೆಗಳ ತಿಂಗಳಲ್ಲಿ ನನ್ನ ಕೆಮ್ಮಿಗೆ ಡಾಕ್ಟರು,
ಆಟಿಯಲ್ಲಿ ಬರೀ ಕರಿಮೆಣಸಿನ ಕಷಾಯ.
ದರ ಬಿದ್ದ ದಿನ
ನನ್ನ ಹಣೆಯ ಮೇಲೆ ಕೈಯಿಟ್ಟು
ಜ್ವರಕ್ಕೇ ಹೇಳುತ್ತಿದ್ದಳು:
"ನಾಳೆ ನೋಡುವ, ಇವತ್ತೊಂದು ಸುಮ್ಮನಿರು."

ಇಲ್ಲೂ ದರ ಬಿತ್ತು.
ಮೇಲಿನಿಂದ ಕಾಗದ ಬಂತು, ಮೂರು ಮೊಹರು.
ಎರಡಿದ್ದ ಚೀಟಿ ಐದು.
"ಖಜಾನೆ ತುಂಬಲಿಕ್ಕೆಯೋ?" ಕೇಳಿದೆ.
ಫೌಝಿಯಾ ನಗಲಿಲ್ಲ.
"ಮಾಡಿನ ಭಾರ ಹೊಸ್ತಿಲು ಹೊರುತ್ತದೆಯೇ?
ಹೊಸ್ತಿಲಿಗೆ ಬೇರೆ ಕೆಲಸ."

ಮರುವಾರ ತೂತಿನಲ್ಲೊಂದು ಕೈ.
ಅಂಗೈಯ ಗೆರೆಗಳಲ್ಲಿ ತೊಳೆದರೂ ಹೋಗದ ಕಪ್ಪು,
ಉರಿಯುವ ಆ ಕೊಳವೆಗೇ ಅಟ್ಟಣಿಗೆ ಕಟ್ಟುವವನು,
ಕಾರ್ಡಿನಲ್ಲಿ ಹೆಸರು ಶೊಫಿಕುಲ್.
ಎರಡು ನೋಟು. ಮತ್ತೆ ಕಿಸೆ ತಡಕಿ ಚಿಲ್ಲರೆ.
ಎಣಿಸಿದ, ತಿರುವಿ ಇನ್ನೊಮ್ಮೆ ಎಣಿಸಿದ,
ಕೆಮ್ಮಿದ.
"ಕಲ್ ಆಯೇಗಾ, ಸಿಸ್ಟರ್."
ನಾನು ಸಿಸ್ಟರಲ್ಲ. ಆ ಮಾತು ಮಾತ್ರ ನನಗೆ ಗೊತ್ತಿತ್ತು,
ಯಾರಿಗೆ ಹೇಳುವ ಮಾತೆಂದೂ.

ನನ್ನ ಪರ್ಸಿನಿಂದ ಹಾಕಿದೆ ಎಂದು ಬರೆಯಬಹುದಿತ್ತು.
ಹಾಕಲಿಲ್ಲ. ಹಿಂದೆ ಮೂವತ್ತು ಕೈಗಳ ಸಾಲು.

ಆರನೇ ರಾತ್ರಿ ಅವನನ್ನು ಆಂಬುಲೆನ್ಸಿನಲ್ಲಿ ತಂದರಂತೆ.
ತುರ್ತು ಬಾಗಿಲಿಗೆ ಕಿಟಕಿಯಿಲ್ಲ, ಚೀಟಿ ಕೇಳುವವರಿಲ್ಲ.
ಹನ್ನೊಂದು ದಿನ ಆಮ್ಲಜನಕ, ಶ್ವಾಸಕೋಶದಿಂದ ತೆಗೆದ ನೀರು,
ಸೂಜಿ, ಹಾಸಿಗೆ, ರಾತ್ರಿಪಾಳಿಯ ಇಬ್ಬರು.
ಫೌಝಿಯಾ ಕೂಡಿಸಿದಳು:
ಸಾವಿರದ ಮುನ್ನೂರ ಎಂಬತ್ತು.
ಪಕ್ಕದಲ್ಲಿ ಸಣ್ಣದಾಗಿ ಬರೆದಳು: ಮೂರು.
ಎರಡರ ನಡುವೆ ಯಾವ ಚಿಹ್ನೆ ಹಾಕುವುದೆಂದು ತೋಚದೆ
ಪೆನ್ನಿನ ಮುಚ್ಚಳ ಹಾಕಿದಳು.

ತಿಂಗಳ ಮೇಲೆ ಮತ್ತೆ ಅದೇ ಕೈ,
ಎಲುಬು ಎದ್ದಿತ್ತು, ಕಪ್ಪು ಸ್ವಲ್ಪ ಮಾಸಿತ್ತು.
ಮರುತಪಾಸಣೆ. ಐದು ದಿನಾರು,
ಮಡಚಿ ಮಡಚಿ ಬೆವರಿಗೆ ಒದ್ದೆ.
ನೋಟುಗಳನ್ನು ಒರೆಸಿ, ಬಿಡಿಸಿ,
ಚೀಟಿ ಕೊಟ್ಟೆ.