ಫೆಬ್ರುವರಿ ಒಂದು, ತಾಳಿಕೋಟಿ

ಹೆಡ್ ಮಾಸ್ತರು ಮೈಕ್ ಊದಿ ನೋಡಿ ಹೇಳಿದ್ರು:
‘ನಮ್ಮೂರ ದಾವಲಸಾಬ ಪಿಂಜಾರ ಅವರು
ಮೂವತ್ತೆಂಟು ವರ್ಷ ಮಿಲಿಟರಿಯೊಳಗ...’
ಮಿಲಿಟರಿ ಅಲ್ರೀ ಸರ್, ಕೋಸ್ಟ್ ಗಾರ್ಡ್, ಅಂದೆ.
ಎರಡೂ ಒಂದೇ, ಅಂದು ಕುರ್ಚಿ ಎಳಕೊಂಡು ಕುಂತ್ರು.

ಒಂದಲ್ರಪಾ.
ಎಪ್ಪತ್ತೇಳರಾಗ ಹುಟ್ಟಿದ ಕೂಸದು, ನನಗಿಂತ ಸಣ್ಣದು,
ನೌಕಾಪಡೆ ಉಟ್ಟುಬಿಟ್ಟ ಅಂಗಿ ಹಾಕ್ಕೊಂಡು ಬೆಳೀತು:
ಎರಡು ಹಳೇ ಹಡಗು, ಐದು ಗಸ್ತಿನ ದೋಣಿ,
ಅಷ್ಟರಾಗ ಕಛದಿಂದ ಹಿಡದು ಬಂಗಾಳದ ತನಕ.
ಆಗ ಬಂಗಾರ ಬರತಿತ್ತು ನೀರಿನ ಕಳ್ಳಹಾದಿಲೆ,
ಗಡಿಯಾರ, ಟೇಪ್ ರೆಕಾರ್ಡರ್, ಥಾನುಗಟ್ಟಲೆ ಬಟ್ಟಿ.
ನಮ್ಮ ಬಜಾರದಾಗೂ ಇದ್ದೂ. ಯಾರೂ ಕೇಳಲಿಲ್ಲ
ಈ ಗಡಿಯಾರ ಯಾವ ಕಡಲ ಈಸಿ ಬಂತಂತ.

ನನಗ ಈಸು ಬಂದದ್ದು ದೇಸಾಯರ ಬಾವ್ಯಾಗ.
ಬೆನ್ನಿಗೆ ಒಣಾ ಸೋರೆಬುರುಡಿ ಕಟ್ಟಿ ಅಪ್ಪ ನೂಕಿದ್ದ.
ಅಪ್ಪ ಹತ್ತಿ ಹಿಂಜಾಂವ. ಬಿಲ್ಲಿನ ನಾರಿ ಠೊಂಯ್ ಅಂದ್ರ
ಓಣಿಯೆಲ್ಲ ಬೆಳ್ಳಗ ಹಾರತಿತ್ತು.
ಮೊದಲನೇ ಸಲ ಬಿರುಗಾಳಿಗೆ ಕಡಲ ಎದ್ದಾಗ
ಕಂಬಿ ಹಿಡದು, ವಾಂತಿ ಮಾಡಕೋತ, ನಗಾಕ ಹತ್ತಿದೆ:
ಯಾರೋ ಒಂದೇ ಸವನ ಹಿಂಜಾಕ ಹತ್ಯಾರ,
ಗಾದಿ ತುಂಬಾವರು ಮಾತ್ರ ಬಂದಿಲ್ಲ.

ಮೂರನೇ ಸಾಲಿನ ಹುಡುಗ ಎದ್ದ: ಎಷ್ಟು ಮಂದಿ ಹೊಡದ್ರಿ?
ಹೊಡದಿಲ್ಲಪಾ, ಎಳದೀನಿ.
ರಟ್ಟಿ ಹಿಡದು, ಕೂದಲಾ ಹಿಡದು,
ಒಬ್ಬನ್ನ ಲುಂಗಿ ಹಿಡದು. ಲುಂಗಿ ಅಷ್ಟ ಕೈಗೆ ಬಂತು,
ಮತ್ತ ಜಿಗದೆ.
ಎಲ್ಲಾರೂ ನಕ್ರು. ಅವಗ ಸಮಾಧಾನ ಆಗಲಿಲ್ಲ.

ಒಡಿಶಾದ ದಂಡಿಗೆ ಚಳಿಗಾಲಕ್ಕ ಆಮಿ ಬರತಾವ,
ಸಾವಿರ ಸಾವಿರ, ಉಸುಕಿನಾಗ ತತ್ತಿ ಇಡಾಕ.
ಇಲ್ಲಿ ಬಲಿ ಹಾಕಬ್ಯಾಡ್ರಪಾ ಅಂತ ರಾತ್ರಿಯೆಲ್ಲಾ ಸುತ್ತೋದು.
ರಜಾಕ್ಕ ಬಂದಾಗ ಕಾಕಾ ಕೇಳಿದ, ದೇಶದ್ದು ಏನ್ ಕಾಯತೀಯೋ?
ಆಮಿ, ಅಂದೆ.
ಆ ರಜಾ ಮುಗಿಯೋತನಕ
ಚಾದಂಗಡ್ಯಾಗ ನನ್ನ ನೌಕರಿ ಸುದ್ದಿ ತಗೀಲಿಲ್ಲ ಕಾಕಾ.

ಹಿಂದಿಂದ ಒಂದು ಹುಡುಗಿ, ಎಣ್ಣಿ ಹಚ್ಚಿದ ಎರಡು ಜಡಿ:
ಸಮುದ್ರದಾಗ ಬಾಂದಗಲ್ಲ ಎಲ್ಲಿರತಾವ್ರಿ?

ಇಲ್ಲವ್ವ. ಇಲ್ಲಿ ಗೇಣು ಎರಿ ಹೊಲಕ್ಕ
ಕಲ್ಲು ರಾತ್ರೋರಾತ್ರಿ ನಡೀತಾವ, ಕೋರ್ಟಿನ ತನಕ.
ಅಲ್ಲಿ ಹನ್ನೆರಡು ಮೈಲಿ ಅಂತಾರ, ಇನ್ನೂರು ಮೈಲಿ ಅಂತಾರ,
ಗೆರಿ ನಕಾಶದಾಗ ಐತಿ, ನೀರಿಗೆ ಗೊತ್ತಿಲ್ಲ.
ಒಮ್ಮೆ ಆಚಿ ಕಡಿಯಾಂವ ಒಬ್ಬ ಮುದುಕ,
ಇಂಜಿನ್ ಸತ್ತು ಒಂಬತ್ತು ದಿನ ತೇಲಿದಾಂವ,
ಬಾಟ್ಲಿ ಬಾಯಿಗೆ ಹಿಡದ್ರ ಸರಿಸಿ ಕೇಳಿದ:
ನಾ ಈಗ ಯಾರ ದೇಶದಾಗ ಅದೀನಿ?
ಮೊದಲ ಕುಡಿ, ಅಂದೆ.

ನಮ್ಮ ಲಾಂಛನದ ಮ್ಯಾಲ ‘ವಯಂ ರಕ್ಷಾಮಃ’ ಅಂತ ಐತಿ.
ನಾವು ಕಾಯ್ತೀವಿ.
ಯಾರನ್ನ ಅಂತ ಬರದಿಲ್ಲ ಅದರಾಗ.

ಶಾಲು ಹೊಚ್ಚಿದ್ರು. ಟೆಂಗಿನಕಾಯಿ ಕೊಟ್ರು.
ಜನಗಣಮನ ಆತು, ಗಂಟಿ ಬಡೀತು, ಹುಡುಗರು ಹಾರಿಹೋದ್ರು.
ಒಂದು ಕೈ ಸುದ್ದಿ ಮಾತ್ರ ನಾ ಹೇಳಲಿಲ್ಲ:
ಬಲಿ ನೇಯ್ದು ನೇಯ್ದು ಗಂಟುಬಿದ್ದ ಬೆರಳು,
ಡೀಸೆಲ್ ಹತ್ತಿ ಜಾರತಿದ್ದೂ.

ಮನಿ ಹಾದಿ ಡೋಣಿ ಸೇತುವಿ ಮ್ಯಾಲಿಂದ.
ಹೆಸರು ಡೋಣಿ, ದೋಣಿ ಒಂದೂ ಇಲ್ಲ,
ಈಗ ಮೊಣಕಾಲ ಮಟ್ಟದ ನೀರು, ಎಮ್ಮಿ ಮಲಗ್ಯಾವ.
ಮಳಿಗಾಲಕ್ಕ ಸೇತುವಿ ಮುಳುಗತೈತಿ, ಹಾಲಿನ ಗಾಡಿಯವರು ಕೇಳೂದಿಲ್ಲ.
ಅವತ್ತ ನಾ ಹಗ್ಗ, ಸೀಟಿ ಹಿಡದು ದಂಡಿಗೆ ನಿಂದರತೀನಿ.
ಪೊಲೀಸರು ಬೈದು ನೋಡ್ಯಾರ, ಚಾನೂ ಕೊಟ್ಟು ನೋಡ್ಯಾರ.

ಇಳದು, ಬೆರಳು ಅದ್ದಿ, ನಾಲಿಗಿಗೆ ಹಚ್ಚಿದೆ.
ಸವಳು ನೀರು.
ಸಣ್ಣವಿದ್ದಾಗ ಉಗುಳತಿದ್ದೆ ಇದನ್ನ.